ಐಕಾನ್‌ಗಳ ಹಿಂದೆ ತೀರ್ಥಹಳ್ಳಿಯ ಮಳೆ

ಮಳೆಗಾಲ ಹಿಡಿಯಿತೆಂದರೆ ದಿನಕ್ಕೆ ಹತ್ತು ಸಲವಾದರೂ ತೀರ್ಥಹಳ್ಳಿಯ ಹವಾಮಾನ ನೋಡುವುದು ನನ್ನ ಅಭ್ಯಾಸ. ಕೆಲಸ ಬೆಂಗಳೂರಿನಲ್ಲಿ, ಅಡಿಕೆ ತೋಟ ಅಲ್ಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಒಂದೆರಡು ಗಂಟೆ ಮಳೆ ಬಿಟ್ಟ ಹೊಳವಾದರೂ ಬೇಕು. ಮರ ಹತ್ತುವವರು ಬಂದ ದಿನವೇ ಅದು ಸಿಗಬೇಕು. ಇದಕ್ಕಾಗಿ ಪ್ರತಿ ಸಲ ಬ್ರೌಸರ್ ತೆರೆದು, ಇಪ್ಪತ್ತು ಟ್ಯಾಬ್‌ಗಳ ನಡುವೆ ಬೇಕಾದ ಪುಟ ಹುಡುಕುವ ಬದಲು, ಆ ಅಂಕಿಯನ್ನೇ ಕಂಪ್ಯೂಟರಿನ ಗೋಡೆಗೆ, ಅಂದರೆ ವಾಲ್‌ಪೇಪರ್ ಇರುವ ಜಾಗಕ್ಕೆ, ಅಂಟಿಸಿಬಿಡಬಹುದು. ಕಿಟಕಿಗಳನ್ನೆಲ್ಲ ಕೆಳಗಿಳಿಸಿದರೆ ಮಳೆಯ ಲೆಕ್ಕ ಕಣ್ಣೆದುರಿಗೇ ಇರುತ್ತದೆ.

ಇದೇನೂ ಹೊಸ ಆಸೆಯಲ್ಲ. 1997ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಜೊತೆ ‘ಆಕ್ಟಿವ್ ಡೆಸ್ಕ್‌ಟಾಪ್’ ತಂದಿತು. ಮರುವರ್ಷ ಬಂದ ವಿಂಡೋಸ್ 98ರಲ್ಲಿ ಅದು ಒಳಗೇ ಸೇರಿಕೊಂಡಿತ್ತು. ಷೇರು ದರದ ಓಡುವ ಪಟ್ಟಿ, ಹವಾಮಾನದ ನಕ್ಷೆ ಇವನ್ನೆಲ್ಲ ಡೆಸ್ಕ್‌ಟಾಪ್ ಮೇಲೆ ಇಡಬಹುದಿತ್ತು. ಆದರೆ ನಮ್ಮಲ್ಲಿ ಆಗ ಇಂಟರ್ನೆಟ್ ಎಂದರೆ ಮೋಡೆಮ್ ಕಿರುಗುಟ್ಟಿ ಫೋನ್ ಲೈನ್ ಹಿಡಿಯಬೇಕಾದ ಕಾಲ. ಇಡೀ ದಿನ ಸಂಪರ್ಕ ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ಕಂಪ್ಯೂಟರಿನ ನೆನಪಿನ ಶಕ್ತಿಯೂ ಕಡಿಮೆ. ಏನಾದರೂ ಎಡವಟ್ಟಾದರೆ ಚಿತ್ರವೆಲ್ಲ ಹೋಗಿ ಬಿಳಿ ಪರದೆಯ ಮೇಲೆ ‘ಆಕ್ಟಿವ್ ಡೆಸ್ಕ್‌ಟಾಪ್ ರಿಕವರಿ’ ಎಂಬ ಬರಹ ಬಂದು ನಿಲ್ಲುತ್ತಿತ್ತು. ವಿಸ್ಟಾ ಬರುವ ಹೊತ್ತಿಗೆ ಅದನ್ನು ಕೈಬಿಟ್ಟು ಗ್ಯಾಜೆಟ್‌ಗಳನ್ನು ತಂದರು. 2012ರಲ್ಲಿ ಭದ್ರತೆಯ ದೋಷ ಕಂಡು, ಆ ಗ್ಯಾಜೆಟ್‌ಗಳನ್ನೂ ಬಂದ್ ಮಾಡಿಕೊಳ್ಳಿ ಎಂದು ಮೈಕ್ರೋಸಾಫ್ಟ್ ತಾನೇ ಹೇಳಬೇಕಾಯಿತು.

ಈಗ ಈ ಕೆಲಸ ಮಾಡುವುದು ಹೊರಗಿನ ತಂತ್ರಾಂಶಗಳು. ವಿಂಡೋಸ್‌ನಲ್ಲಿ ನೀವು ಕಾಣುವ ಡೆಸ್ಕ್‌ಟಾಪ್ ಒಂದೇ ಹಾಳೆಯಲ್ಲ. ವಾಲ್‌ಪೇಪರ್ ಒಂದು ಪದರ, ಅದರ ಮುಂದೆ ಐಕಾನ್‌ಗಳ ಪದರ ಇನ್ನೊಂದು. ಇವನ್ನೆಲ್ಲ ಹೊತ್ತ ಯಜಮಾನ ಕಿಟಕಿಯ ಹೆಸರು ‘ಪ್ರೋಗ್‌ಮ್ಯಾನ್’. ವಿಂಡೋಸ್ 3ರ ಕಾಲದ ಪ್ರೋಗ್ರಾಂ ಮ್ಯಾನೇಜರ್‌ನಿಂದ ಉಳಿದುಬಂದ ಹೆಸರದು. ಅದಕ್ಕೆ ಒಂದು ನಿರ್ದಿಷ್ಟ ಸಂದೇಶ ಕಳುಹಿಸಿದರೆ ಐಕಾನ್‌ಗಳ ಹಿಂದೆ, ವಾಲ್‌ಪೇಪರಿನ ಮುಂದೆ, ಖಾಲಿ ಕಿಟಕಿಯೊಂದು ಹುಟ್ಟುತ್ತದೆ. ತಂತ್ರಾಂಶ ತನ್ನ ಬ್ರೌಸರ್ ಕಿಟಕಿಯನ್ನು ಅದರೊಳಗೆ ಕೂರಿಸುತ್ತದೆ. ಅಷ್ಟಾದರೆ ವೆಬ್‌ಪುಟವೇ ವಾಲ್‌ಪೇಪರ್. ಈ ಸಂದೇಶವನ್ನು ಮೈಕ್ರೋಸಾಫ್ಟ್ ಎಲ್ಲೂ ಅಧಿಕೃತವಾಗಿ ಬರೆದಿಟ್ಟಿಲ್ಲ. ಕಂಡುಕೊಂಡವರು ಬಳಸುತ್ತ ಬಂದಿದ್ದಾರೆ. ಹಾಗಾಗಿಯೇ 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಇಂಥ ಹಲವು ತಂತ್ರಾಂಶಗಳು ಕೆಟ್ಟು ನಿಂತವು. ನಿಮ್ಮದೂ ಒಂದು ದಿನ ಅಪ್‌ಡೇಟ್ ಆದ ಮೇಲೆ ಖಾಲಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ವಿಂಡೋಸ್‌ಗೆ ನಾನು ಹೇಳುವುದು ‘ಲೈವ್ಲಿ ವಾಲ್‌ಪೇಪರ್’. ಉಚಿತ, ಮೂಲಸಂಕೇತವೂ ಮುಕ್ತ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಸಿಗುತ್ತದೆ. ಕೂಡಿಸುವ ಗುರುತು ಒತ್ತಿ ಪುಟದ ವಿಳಾಸ ಅಂಟಿಸಿದರೆ ಸಾಕು. ಬೇರೊಂದು ಕೆಲಸ ಪರದೆಯನ್ನು ಪೂರ್ತಿ ತುಂಬಿದಾಗ ವಾಲ್‌ಪೇಪರ್ ತಾನಾಗಿ ನಿಲ್ಲುವಂತೆ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕಾಣದ ಪುಟಕ್ಕಾಗಿ ಬ್ಯಾಟರಿ ಸುಡುತ್ತದೆ. ಮ್ಯಾಕ್‌ನವರಿಗೆ ‘ಪ್ಲ್ಯಾಶ್’ ಇದೆ. ಎಷ್ಟು ಹೊತ್ತಿಗೊಮ್ಮೆ ಪುಟ ಹೊಸದಾಗಬೇಕು, ಎಷ್ಟು ಮಸುಕಾಗಿರಬೇಕು ಎಂಬುದನ್ನೂ ಅದರಲ್ಲಿ ಹೇಳಬಹುದು.

ಆದರೆ ಯಾವುದೋ ಹವಾಮಾನ ತಾಣವನ್ನು ಇಡಿಯಾಗಿ ತಂದು ಅಲ್ಲಿ ನಿಲ್ಲಿಸಬೇಡಿ. ಜಾಹೀರಾತು, ಕುಕೀ ಒಪ್ಪಿಗೆಯ ಪೆಟ್ಟಿಗೆ, ಮೆನು ಎಲ್ಲ ಬಂದು ನಿಮ್ಮ ಐಕಾನ್‌ಗಳ ಹಿಂದೆ ಗಿಜಿಗುಡುತ್ತವೆ. ನಿಮಗೆ ಬೇಕಾದದ್ದು ನಾಲ್ಕು ಅಂಕಿ. ಅದಕ್ಕೆ ಸ್ವಂತದ ಪುಟ ಬರೆದುಕೊಳ್ಳುವುದೇ ಒಳ್ಳೆಯದು, ನಲವತ್ತು ಸಾಲಿನ ಎಚ್‌ಟಿಎಂಎಲ್ ಸಾಕು.

ಇಲ್ಲೊಂದು ತಡೆ ಎದುರಾಗುತ್ತದೆ. ನಿಮ್ಮ ಪುಟ ಇನ್ನೊಂದು ತಾಣದಿಂದ ಮಾಹಿತಿ ಓದಬೇಕಾದರೆ, ಹಾಗೆ ಓದಬಹುದು ಎಂದು ಆ ತಾಣ ಒಪ್ಪಿಗೆ ಕೊಟ್ಟಿರಬೇಕು. ಕೊಟ್ಟಿರದಿದ್ದರೆ ಬ್ರೌಸರ್ ಉತ್ತರವನ್ನು ನಿಮ್ಮ ಪುಟದ ಕೈಗೆ ಕೊಡುವುದಿಲ್ಲ. ‘ಓಪನ್-ಮೀಟಿಯೊ’ ಈ ಒಪ್ಪಿಗೆ ಕೊಡುವ ತಾಣ. ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ, ನೋಂದಣಿಯೂ ಬೇಡ. ತೀರ್ಥಹಳ್ಳಿಗೆ ಅಕ್ಷಾಂಶ 13.69, ರೇಖಾಂಶ 75.24 ಕೊಟ್ಟು ಗಂಟೆಗಂಟೆಯ ಮಳೆ ಕೇಳಿದರೆ ಮಿಲಿಮೀಟರ್ ಲೆಕ್ಕದಲ್ಲಿ ಉತ್ತರ ಬರುತ್ತದೆ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಬರೆಯಲು ಮರೆಯಬೇಡಿ. ಬಿಟ್ಟರೆ ‘ಮಳೆ’ ಎಂಬ ಎರಡಕ್ಷರ ವಿಚಿತ್ರ ಗುರುತುಗಳಾಗಿ ಒಡೆದುಹೋಗಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿರಲಿ: ಇದು ಅಳೆದ ಮಳೆಯಲ್ಲ. ಭೂಮಿಯನ್ನು ಕೆಲವು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ ಕಂಪ್ಯೂಟರ್ ಮಾಡಿದ ಅಂದಾಜು. ಗುಡ್ಡದ ಈ ಮಗ್ಗುಲಲ್ಲಿ ಸುರಿದು ಆ ಮಗ್ಗುಲಲ್ಲಿ ಹನಿಯೂ ಬೀಳದ ಮಲೆನಾಡಿನ ಮಳೆ ಆ ಚೌಕಕ್ಕೆ ಸಿಗುವುದಿಲ್ಲ. ಬಿದ್ದ ಮಳೆ ಗೊತ್ತಾಗಬೇಕಾದರೆ ಮಳೆಮಾಪಕವನ್ನೇ ಕೇಳಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೆ ಮಾಪಕಗಳನ್ನು ಇಟ್ಟಿದೆ, ಆ ಲೆಕ್ಕವೇ ಬೇರೆ. ನನ್ನ ಪುಟದಲ್ಲಿ ‘ಮಳೆ’ ಎಂದು ಬರೆದಿದ್ದೆ, ಆಮೇಲೆ ‘ಮಳೆ ಅಂದಾಜು’ ಎಂದು ತಿದ್ದಿದೆ.

ಎಷ್ಟು ಹೊತ್ತಿಗೊಮ್ಮೆ ಕೇಳಬೇಕು? ಮೂಲ ಬದಲಾಗುವ ವೇಗವೇ ನಿಮ್ಮ ವೇಗವಾಗಿರಲಿ. ಓಪನ್-ಮೀಟಿಯೊ ಈಗಿನ ಸ್ಥಿತಿಯನ್ನು ಕೊಡುವುದು ಹದಿನೈದು ನಿಮಿಷದ ಲೆಕ್ಕದಲ್ಲಿ. ನಾನೂ ಅಷ್ಟಕ್ಕೊಮ್ಮೆ ಕೇಳಿದರೆ ದಿನಕ್ಕೆ 96 ಸಲವಾಯಿತು. ಸೆಕೆಂಡಿಗೊಮ್ಮೆ ಕೇಳಿದರೆ 86,400 ಸಲ. ಹೊಸದೇನೂ ಸಿಗುವುದಿಲ್ಲ, ಉಚಿತ ಬಳಕೆಗೆ ಅವರು ಇಟ್ಟಿರುವ ದಿನಕ್ಕೆ 10,000ದ ಮಿತಿಯೂ ಮೂರು ಗಂಟೆಯೊಳಗೇ ಮುಗಿಯುತ್ತದೆ. ಎಪಿಎಂಸಿಯ ಅಡಿಕೆ ಧಾರಣೆ ಹಾಕಿಕೊಳ್ಳುವವರಿಗಂತೂ ದಿನಕ್ಕೆ ಒಂದೆರಡು ಸಲ ಸಾಕು.

ಮೇಲ್, ಬ್ಯಾಂಕ್ ಹೀಗೆ ಲಾಗಿನ್ ಆದ ಯಾವ ಪುಟವನ್ನೂ ಅಲ್ಲಿಡಬೇಡಿ. ವಿಡಿಯೋ ಸಭೆಯಲ್ಲಿ ಪರದೆ ಹಂಚಿಕೊಂಡು ಕಿಟಕಿ ಇಳಿಸಿದಿರೋ, ಎಲ್ಲರಿಗೂ ಕಾಣುತ್ತದೆ.

ಇದೆಲ್ಲ ಆದ ಮೇಲೂ ನಾನು ಒಮ್ಮೆ ಮೋಸಹೋದೆ. ಬೆಳಿಗ್ಗೆ ಪರದೆ 0 ಮಿಲಿಮೀಟರ್ ಎನ್ನುತ್ತಿತ್ತು. ಮನೆಗೆ ಫೋನ್ ಮಾಡಿ, “ಅಪ್ಪಯ್ಯ, ಇವತ್ತು ಹೊಳ ಕೊಡ್ತದೆ, ಔಷಧಿ ಹೊಡೆಸಿ” ಎಂದೆ. ಡ್ರಮ್ಮಿನಲ್ಲಿ ಸುಣ್ಣ, ಮೈಲುತುತ್ತ ಕಲಸುವಷ್ಟರಲ್ಲಿ ಜಡಿಮಳೆ. ಬೆಂಗಳೂರಿನ ನನ್ನ ಮನೆಯ ವೈಫೈ ಹಿಂದಿನ ಸಂಜೆಯೇ ಹೋಗಿತ್ತು; ಆ ಸೊನ್ನೆ ಆಗಿನದು. ಬ್ರೌಸರ್ ಟ್ಯಾಬಿನಲ್ಲಾದರೆ ಪುಟ ತೆರೆಯದೆ ತಕರಾರು ಮಾಡುತ್ತಿತ್ತು. ವಾಲ್‌ಪೇಪರ್ ಹಾಗಲ್ಲ, ಹಳೆಯ ಅಂಕಿಯನ್ನೇ ಹೊಸದರಂತೆ ತೋರಿಸುತ್ತ ನಿಂತಿರುತ್ತದೆ.

ಆಮೇಲೆ ಪುಟಕ್ಕೆ ಎರಡು ಸಂಗತಿ ಸೇರಿಸಿದೆ. ಪ್ರತಿ ಸಲ ಉತ್ತರ ಬಂದಾಗ ಬಂದ ಸಮಯವೂ ಅಂಕಿಯ ಕೆಳಗೆ ಮೂಡುತ್ತದೆ. ಜೊತೆಗೆ ನಿಮಿಷಕ್ಕೊಮ್ಮೆ ಪುಟ ತನ್ನ ಗಡಿಯಾರ ನೋಡಿಕೊಳ್ಳುತ್ತದೆ. ಕೊನೆಯ ಉತ್ತರಕ್ಕೆ ಮೂವತ್ತು ನಿಮಿಷ ದಾಟಿದ್ದರೆ ಅಂಕಿ ಬೂದುಬಣ್ಣಕ್ಕೆ ತಿರುಗುತ್ತದೆ. ಲ್ಯಾಪ್‌ಟಾಪ್ ಮಡಚಿಟ್ಟು ಮರುದಿನ ತೆರೆದರೂ ಒಂದು ನಿಮಿಷದೊಳಗೆ ಹಳತು ಹಳತಾಗಿಯೇ ಕಾಣುತ್ತದೆ. ನೀವು ಮಾಡಿಕೊಂಡರೆ, ವಾಲ್‌ಪೇಪರ್ ಮಾಡುವ ಮುನ್ನ ಪುಟವನ್ನು ಬ್ರೌಸರಿನಲ್ಲೇ ತೆರೆದು, ವೈಫೈ ಆರಿಸಿ, ಅರ್ಧ ಗಂಟೆ ಕಾದು, ಅಂಕಿ ಬೂದಾಗುತ್ತದೆಯೇ ನೋಡಿಕೊಳ್ಳಿ.