ರಾತ್ಕೊ ಬಿಟ್ಟುಹೋದ 798 ಚಿತ್ರಗಳ ಲೆಕ್ಕ

ಚಿತ್ರಕಾರ ಮಾರ್ಕ್ ರಾತ್ಕೊ 1970ರ ಫೆಬ್ರುವರಿ 25ರಂದು ನ್ಯೂಯಾರ್ಕಿನ ತನ್ನ ಸ್ಟುಡಿಯೊದಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಆತನ ಆಸ್ತಿಯ ಪಟ್ಟಿಯಲ್ಲಿದ್ದವು 798 ಚಿತ್ರಗಳು. ಮೂರು ತಿಂಗಳು ತುಂಬುವ ಮೊದಲೇ, ಮೇ 21ರಂದು, ಉಯಿಲು ಜಾರಿಗೆ ತರಬೇಕಿದ್ದ ಮೂವರು ಅವನ್ನೆಲ್ಲ ಮಾರ್ಲ್‌ಬರೊ ಗ್ಯಾಲರಿ ಬಳಗದ ಕೈಗೆ ಒಪ್ಪಿಸಿ ಕರಾರಿಗೆ ಸಹಿ ಹಾಕಿಬಿಟ್ಟರು.

ರಾತ್ಕೊ ಹುಟ್ಟಿದ್ದು 1903ರಲ್ಲಿ, ಈಗ ಲಾಟ್ವಿಯಾಕ್ಕೆ ಸೇರಿರುವ ದ್ವಿನ್‌ಸ್ಕ್ ಊರಿನ ಯಹೂದಿ ಮನೆಯಲ್ಲಿ. ಹತ್ತನೇ ವಯಸ್ಸಿಗೆ ಅಮೆರಿಕ ಸೇರಿದ. ಕೆಲವೇ ತಿಂಗಳಲ್ಲಿ ತಂದೆ ತೀರಿಹೋಗಿ, ಹುಡುಗ ಪತ್ರಿಕೆ ಮಾರಬೇಕಾಯಿತು. ದುಡ್ಡಿನ ಬೆಲೆ ಗೊತ್ತಿದ್ದ ಮನುಷ್ಯ. ಆದರೂ 1958ರಲ್ಲಿ ಸೀಗ್ರಾಂ ಕಟ್ಟಡದ ಐಷಾರಾಮಿ ಹೋಟೆಲಿಗೆ 35,000 ಡಾಲರಿಗೆ ಒಪ್ಪಿಕೊಂಡ ಕೆಲಸವನ್ನು, ಸುಮಾರು 30 ಚಿತ್ರ ಬರೆದ ಮೇಲೂ, ಬೇಡವೆಂದ. ಹೆಂಡತಿಯೊಂದಿಗೆ ಅಲ್ಲಿ ಊಟಕ್ಕೆ ಹೋಗಿ ಬಂದವನು ಪಡೆದ ಹಣವನ್ನು ಹಿಂದಿರುಗಿಸಿದ. ಅವುಗಳಲ್ಲಿ 9 ಚಿತ್ರಗಳು ಲಂಡನ್ನಿನ ಟೇಟ್ ಗ್ಯಾಲರಿಗೆ ಕೊಡುಗೆಯಾಗಿ ಹೋದವು.

ಈಗ ಕರಾರಿಗೆ ಬರೋಣ. 100 ಚಿತ್ರಗಳಿಗೆ 18 ಲಕ್ಷ ಡಾಲರ್, ಅಂದರೆ ತಲಾ 18,000. ಕೇಳುವುದಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಕೈಗೆ ಬಂದದ್ದು 2 ಲಕ್ಷ ಮಾತ್ರ; ಉಳಿದ 16 ಲಕ್ಷ 12 ಸಮ ಕಂತುಗಳಲ್ಲಿ, ಅದೂ ಬಡ್ಡಿಯಿಲ್ಲದೆ. ವರ್ಷಕ್ಕೊಂದು ಕಂತೆಂದೂ ಶೇ 6ರ ಬಡ್ಡಿಯೆಂದೂ ಹಿಡಿದು ನಾನೇ ಲೆಕ್ಕ ಹಾಕಿದೆ: ಅಂದಿನ ನಿಜ ಬೆಲೆ 13 ಲಕ್ಷದ ಆಸುಪಾಸು, ಚಿತ್ರಕ್ಕೆ 13,000 ಡಾಲರ್. ಮಿಕ್ಕ ಸುಮಾರು 700 ಚಿತ್ರಗಳನ್ನು ಗ್ಯಾಲರಿ ಮಾರಿಕೊಟ್ಟರೆ ಕಮಿಷನ್ ಶೇ 50. ಒಂದು ಲಕ್ಷಕ್ಕೆ ಮಾರಿದರೆ ಅರ್ಧ ಲಕ್ಷ ದಲ್ಲಾಳಿಗೆ! ಇನ್ನೂ ಸೋಜಿಗವೆಂದರೆ, ಉಯಿಲಿನ ಹೊಣೆ ಹೊತ್ತಿದ್ದ ಬರ್ನಾರ್ಡ್ ರೀಸ್ ಅದೇ ಗ್ಯಾಲರಿಯ ನಿರ್ದೇಶಕ, ಕಾರ್ಯದರ್ಶಿ, ಖಜಾಂಚಿ ಮೂರೂ ಆಗಿದ್ದ. ಮಾರುವವರ ಕಡೆಯೂ ಅವನೇ, ಕೊಳ್ಳುವವರ ಕಡೆಯೂ ಅವನೇ.

ಆ ವರ್ಷದ ಆಗಸ್ಟಿನಲ್ಲಿ ರಾತ್ಕೊನ ಹೆಂಡತಿಯೂ ತೀರಿಕೊಂಡಳು. ಮಗಳು ಕೇಟ್‌ಗೆ ಆಗ 19, ತಮ್ಮನಿಗೆ ಇನ್ನೂ ಏಳು ತುಂಬಿರಲಿಲ್ಲ. 1971ರಲ್ಲಿ ಕೇಟ್ ಆ ಮೂವರ ಮೇಲೂ ಗ್ಯಾಲರಿಯ ಮೇಲೂ ದಾವೆ ಹೂಡಿದಳು. ತಡೆಯಾಜ್ಞೆ ಇದ್ದಾಗಲೂ ಗ್ಯಾಲರಿ 57 ಚಿತ್ರಗಳನ್ನು ಸಾಗಹಾಕಿತು. 1975ರ ಡಿಸೆಂಬರಿನಲ್ಲಿ ತೀರ್ಪು ಬಂತು: ಕರಾರು ರದ್ದು, ಮೂವರೂ ಹೊಣೆಯಿಂದ ವಜಾ, ಪರಿಹಾರ ಮತ್ತು ದಂಡ ಸೇರಿ ಸುಮಾರು 92 ಲಕ್ಷ ಡಾಲರ್. 18 ಲಕ್ಷದ ವ್ಯಾಪಾರಕ್ಕೆ ತೆತ್ತ ಬೆಲೆ ಅದರ ಐದು ಪಟ್ಟು. 1977ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಬೆಲೆ ಏರಿದ ಪರಿಯನ್ನೂ ನೋಡಿ. ಡೇವಿಡ್ ರಾಕ್‌ಫೆಲ್ಲರ್ 1960ರಲ್ಲಿ 10,000 ಡಾಲರಿಗೂ ಕಡಿಮೆಗೆ ಕೊಂಡಿದ್ದ ‘ವೈಟ್ ಸೆಂಟರ್’ 2007ರಲ್ಲಿ 7.28 ಕೋಟಿಗೆ ಹೋಯಿತು. 2012ರಲ್ಲಿ ‘ಆರೆಂಜ್, ರೆಡ್, ಯೆಲ್ಲೊ’ 8.69 ಕೋಟಿ ಡಾಲರ್ ತಂದಿತು. ನೂರು ಚಿತ್ರಗಳ ಆ ಕರಾರಿನ 48 ಪಟ್ಟು. ಈ ಹೆಚ್ಚಳದಲ್ಲಿ ಒಂದು ಡಾಲರೂ ಚಿತ್ರ ಬರೆದವನಿಗೆ ಸೇರಿದ್ದಲ್ಲ, ಹರಾಜಿನ ಲೋಕದ ಲೆಕ್ಕವೇ ಹಾಗೆ.

ತೀರ್ಪಿನಿಂದ ಮರಳಿ ಸಿಕ್ಕ ಚಿತ್ರಗಳಲ್ಲಿ ಅರ್ಧ ಮಕ್ಕಳಿಗೆ, ಅರ್ಧ ರಾತ್ಕೊ ಪ್ರತಿಷ್ಠಾನಕ್ಕೆ ಬಂದವು. ಎಂಬತ್ತರ ದಶಕದಲ್ಲಿ ಪ್ರತಿಷ್ಠಾನವು 295 ಕೃತಿಗಳನ್ನೂ 650ಕ್ಕೂ ಹೆಚ್ಚು ಕರಡು ಚಿತ್ರಗಳನ್ನೂ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಉಚಿತವಾಗಿ ಕೊಟ್ಟಿತು. ಅಲ್ಲಿ ಪ್ರವೇಶ ಶುಲ್ಕವಿಲ್ಲ.