ನೀರಿನ ಮೇಲೆ ಹೂಡಿದ ಸಂಸಾರ

ಗಂಡಹೆಂಡಿರ ಹೊಂದಾಣಿಕೆ ಎಂಥದೆಂಬುದನ್ನು ಅರಿಯಬೇಕಾದರೆ ಅವರಿಬ್ಬರನ್ನೂ ಒಂದು ವಾರ ಸಣ್ಣ ಹಾಯಿದೋಣಿಯಲ್ಲಿ ಕೂರಿಸಿ ನೋಡಬೇಕು. ಅಲ್ಲಿ ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳಲು ಇನ್ನೊಂದು ಕೋಣೆಯಿಲ್ಲ. ತವರಿಗೆ ಹೊರಟೆನೆಂದು ಹೆದರಿಸಲು ದಾರಿಯಿಲ್ಲ. ಒಬ್ಬರು ಹಾಯಿಯ ಹಗ್ಗ ಹಿಡಿದಾಗ ಇನ್ನೊಬ್ಬರು ಚುಕ್ಕಾಣಿ ಹಿಡಿಯದಿದ್ದರೆ ಇಬ್ಬರೂ ನೀರಿನ ಪಾಲು. ಇಂಥ ಪರೀಕ್ಷೆಗೆ ಸಂತೋಷದಿಂದ ಮತ್ತೆ ಮತ್ತೆ ತಮ್ಮನ್ನು ಒಡ್ಡಿಕೊಂಡ ದಂಪತಿಗಳೊಬ್ಬರ ಕಥೆ ಇದು. ಗಂಡ, ಜಗತ್ಪ್ರಸಿದ್ಧ ಅಮೆರಿಕನ್ ಕಾದಂಬರಿಕಾರ ಜ್ಯಾಕ್ ಲಂಡನ್. ಹೆಂಡತಿ, ಶಾರ್ಮಿಯನ್. ಅವರ ತೇಲುವ ಮನೆಯ ಹೆಸರು ‘ರೋಮರ್’, ಎಂದರೆ ಅಲೆಮಾರಿ. ಅದು ಅಲೆದದ್ದು ಸಾನ್‌ಫ್ರಾನ್ಸಿಸ್ಕೊ ಮಹಾನಗರದ ಮಗ್ಗುಲಿನ ಕೊಲ್ಲಿಯಲ್ಲಿ.

ಹಡಗು ಕಟ್ಟಿ ನೋಡು

ಇಬ್ಬರ ವಿವಾಹವಾದದ್ದು 1905ರ ನವೆಂಬರಿನಲ್ಲಿ. ಶಾರ್ಮಿಯನ್ ಗಂಡನಿಗಿಂತ ಸುಮಾರು ನಾಲ್ಕು ವರ್ಷ ಹಿರಿಯಳು. ಶೀಘ್ರಲಿಪಿ, ಬೆರಳಚ್ಚು ಬಲ್ಲವಳು. ಸ್ವಂತ ದುಡಿಮೆಯಿಂದ ಬದುಕಿದ್ದವಳು. ಗಂಡನ ಹಸ್ತಪ್ರತಿಗಳೆಲ್ಲ ಅವಳ ಬೆರಳಚ್ಚು ಯಂತ್ರದಿಂದಲೇ ಹೊರಬರುತ್ತಿದ್ದುವು. ಲಂಡನ್ ಅವಳನ್ನು ಕರೆಯುತ್ತಿದ್ದುದು ‘ಮೇಟ್’ ಎಂದು. ಹಡಗಿನಲ್ಲಿ ನಾಯಕನ ನಂತರದ ಅಧಿಕಾರಿಗೂ ಅದೇ ಹೆಸರು, ಬಾಳಿನ ಜೊತೆಗಾರ್ತಿಗೂ ಅದೇ.

ಏಳು ವರ್ಷ ಭೂಮಂಡಲವನ್ನು ಸುತ್ತಬೇಕೆಂಬುದು ಈ ದಂಪತಿಗಳ ಹಂಬಲ. ಅದಕ್ಕಾಗಿ ‘ಸ್ನಾರ್ಕ್’ ಎಂಬ ಹಡಗನ್ನು ಕಟ್ಟಿಸತೊಡಗಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹಡಗು ಕಟ್ಟಿ ನೋಡೆಂದು ಹೇಳಲು ಮರೆತರೇನೊ! ಏಳು ಸಾವಿರ ಡಾಲರುಗಳೆಂದು ಅಂದಾಜು ಮಾಡಿದ್ದ ಹಡಗು ಮೂವತ್ತು ಸಾವಿರವನ್ನು ನುಂಗಿತೆಂದು ಲಂಡನ್ನನೇ ಬರೆದಿದ್ದಾನೆ. ನಡುವೆ 1906ರ ಏಪ್ರಿಲ್ 18ರಂದು ಸಾನ್‌ಫ್ರಾನ್ಸಿಸ್ಕೊ ನಗರವನ್ನು ಕೆಡವಿದ ಭೂಕಂಪ ಬೇರೆ ಬಂದು ಕೆಲಸವೆಲ್ಲ ಹಿಂದೆ ಬಿದ್ದಿತು. ಕೊನೆಗೆ 1907ರ ಏಪ್ರಿಲ್ 23ರಂದು ಸೋರುವ ಹಡಗಿನಲ್ಲೇ ಹೊರಟು, ದಾರಿಯಲ್ಲಿ ನೌಕಾಯಾನದ ಲೆಕ್ಕಗಳನ್ನು ಪುಸ್ತಕ ನೋಡಿ ಕಲಿತು, 27 ದಿನಗಳಲ್ಲಿ ಹವಾಯಿಯನ್ನು ಮುಟ್ಟಿದರು. ಶಾರ್ಮಿಯನ್ ಗಂಡಸರಂತೆಯೇ ಸರದಿ ಪ್ರಕಾರ ಚುಕ್ಕಾಣಿ ಹಿಡಿದಳು. ಆದರೆ ಸಾಲೊಮನ್ ದ್ವೀಪಗಳ ಜ್ವರವೂ ಹುಣ್ಣುಗಳೂ ಎಲ್ಲರನ್ನೂ ಹಣ್ಣು ಮಾಡಿದುವು. 1908ರ ಕೊನೆಗೆ ಲಂಡನ್ ಸಿಡ್ನಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಏಳು ವರ್ಷಗಳ ಯಾತ್ರೆ ಎರಡು ವರ್ಷ ತುಂಬುವ ಮೊದಲೇ ಮುಗಿಯಿತು. ಹಡಗನ್ನು ಮಾರಿದರು.

ಬರಿದಾದ ತೊಟ್ಟಿಲು

ಕ್ಯಾಲಿಫೋರ್ನಿಯಕ್ಕೆ ಮರಳಿದ ದಂಪತಿಗಳಿಗೆ ಇನ್ನೊಂದು ಆಸೆ ಚಿಗುರಿತು. 1910ರ ಜೂನಿನಲ್ಲಿ ಶಾರ್ಮಿಯನ್ ಹೆಣ್ಣುಮಗುವಿಗೆ ಜನ್ಮವಿತ್ತಳು. ಅವಳಿಗಾಗ ಮೂವತ್ತೆಂಟು ವರ್ಷ. ಮಗುವಿಗೆ ‘ಜಾಯ್’, ಆನಂದ ಎಂದು ಹೆಸರಿಟ್ಟರು. ಆನಂದ ಬಾಳಿದ್ದು 38 ಗಂಟೆಗಳು ಮಾತ್ರ.

ದುಃಖವನ್ನು ಕೆಲವರು ದೇವಾಲಯಕ್ಕೆ ಒಯ್ಯುತ್ತಾರೆ, ಕೆಲವರು ಕೆಲಸದಲ್ಲಿ ಹೂಳುತ್ತಾರೆ. ಈ ದಂಪತಿಗಳು ಅದನ್ನು ನೀರಿಗೆ ಒಯ್ದರು. ಅದೇ ವರ್ಷ 30 ಅಡಿ ಉದ್ದದ, ಎರಡು ಕೂವೆಮರಗಳ ‘ರೋಮರ್’ ಅವರ ಕೈಸೇರಿತು. ಲೋಕವನ್ನು ಸುತ್ತುವ ಛಲ ಈಗ ಇರಲಿಲ್ಲ. ಮನೆಯ ಬಳಿಯ ನೀರೇ ಸಾಕಾಗಿತ್ತು.

ಗಾಳಿ, ಉಬ್ಬರ, ಕೆಸರು

ಮನೆಯ ಬಳಿಯದೆಂದ ಮಾತ್ರಕ್ಕೆ ಆ ನೀರು ಸಾಧುವೆಂದು ಬಗೆಯಬಾರದು. ಕ್ಯಾಲಿಫೋರ್ನಿಯದ ಸುಮಾರು ಶೇಕಡ 40ರಷ್ಟು ಭೂಮಿಯ ನೀರು ಸ್ಯಾಕ್ರಮೆಂಟೊ ಮತ್ತು ಸಾನ್ ವಾಕೀನ್ ನದಿಗಳ ಮೂಲಕ ಇಳಿದು ಬಂದು, ‘ಗೋಲ್ಡನ್ ಗೇಟ್’ ಎಂಬ ಕಿರಿದಾದ ಬಾಯಿಯಿಂದ ಸಮುದ್ರಕ್ಕೆ ಸೇರುತ್ತದೆ. ದಿನಕ್ಕೆರಡು ಸಲ ಸಮುದ್ರ ಆ ಬಾಯಿಯಿಂದಲೇ ಒಳನುಗ್ಗಿ, ಎರಡು ಸಲ ಹಿಂದೆಗೆಯುತ್ತದೆ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು, ಅಲ್ಲಿಯ ಗಾಳಿ ಮೇಲೇರಿದಂತೆಲ್ಲ ಸಮುದ್ರದ ತಣ್ಣನೆಯ ಗಾಳಿ ಆ ಸಂದಿನಿಂದ ಭೋರೆಂದು ಹಾಯುತ್ತದೆ. ಬೆಳಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕುದಿಯತೊಡಗುತ್ತದೆ. ಗಾಳಿ ಒಂದು ಕಡೆಗೆ, ಇಳಿತದ ಸೆಳೆತ ಇನ್ನೊಂದು ಕಡೆಗೆ ಎಳೆದರಂತೂ ಆಳವಿಲ್ಲದ ಸಾನ್ ಪಾಬ್ಲೊ ಕೊಲ್ಲಿಯಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದು ದೋಣಿಯನ್ನು ಜಜ್ಜುತ್ತವೆ. ಲೆಕ್ಕ ತಪ್ಪಿ ಕೆಸರದಿಬ್ಬದ ಮೇಲೆ ಕೂತರೆ, ಮುಂದಿನ ಉಬ್ಬರ ಬಂದು ಎತ್ತುವವರೆಗೆ ದೋಣಿಯೊಡೆಯನ ಪಾಂಡಿತ್ಯವೆಲ್ಲ ವ್ಯರ್ಥ.

ಇಂದು ಗೋಲ್ಡನ್ ಗೇಟನ್ನು ದಾಟುವ ಪ್ರಸಿದ್ಧವಾದ ತೂಗುಸೇತುವೆ ಆಗ ಇರಲಿಲ್ಲ. ಅದು ಬಂದದ್ದು 1937ರಲ್ಲಿ. ಭೂಕಂಪದ ಬೂದಿಯಿಂದ ಮತ್ತೆ ಎದ್ದು ನಿಲ್ಲುತ್ತಿದ್ದ ನಗರವನ್ನು ಬೆನ್ನ ಹಿಂದೆ ಬಿಟ್ಟು ಒಂದೆರಡು ದಿನ ಹಾಯಿಯೇರಿಸಿ ಹೋದರೆ, ಕಣ್ಣು ಹಾಯುವಷ್ಟು ದೂರವೂ ಜೊಂಡು; ಜೊಂಡಿನ ನಡುವೆ ನೂರಾರು ಕಾಲುವೆಗಳ ಜಾಲ; ಚಳಿಗಾಲದಲ್ಲಿ ಉತ್ತರದಿಂದ ಇಳಿದು ಬರುವ ಬಾತುಗಳ ಹಿಂಡುಗಳು.

ದಿನಕ್ಕೆ ಸಾವಿರ ಮಾತು

ಅಂಥ ಒಂದು ವಾರವನ್ನು ಓದುಗರು ಊಹಿಸಿಕೊಳ್ಳಬಹುದು. ಬೆಳಗ್ಗೆ ಲಂಗರು ಏಳುವುದಿಲ್ಲ. ರಜೆಯೇ ಇರಲಿ, ಜ್ವರವೇ ಇರಲಿ, ಬೆಳಗಿನಲ್ಲಿ ಸಾವಿರ ಪದಗಳನ್ನು ಬರೆಯದೆ ಲಂಡನ್ ಮೇಲೇಳುತ್ತಿರಲಿಲ್ಲ. ಆ ಸಾವಿರ ಪದಗಳಿಂದಲೇ ತೋಟದ ಸಾಲವೂ ಸಂಬಂಧಿಕರ ಖರ್ಚೂ ತೀರಬೇಕಾಗಿತ್ತು. ಬರೆದುದನ್ನು ಶಾರ್ಮಿಯನ್ ಬೆರಳಚ್ಚು ಮಾಡುವಳು. ಹವಾಯಿಯಲ್ಲಿ ‘ಸ್ನಾರ್ಕ್’ ಹತ್ತಿ ಜೊತೆಯಾಗಿದ್ದ ನಕಾಟಾ ಎಂಬ ಜಪಾನೀ ತರುಣ ಮನೆವಾರ್ತೆ ನೋಡಿಕೊಳ್ಳುವನು. ಬರವಣಿಗೆ ಮುಗಿದ ಮೇಲೆ ಹಾಯಿ ಏರುವುದು. ಊಟಕ್ಕೆ ಮೀನು ಇಲ್ಲವೆ ಬಾತು. ಸಂಜೆ ಲಂಗರು ಇಳಿಸಿದ ಮೇಲೆ ದೀಪದ ಬೆಳಕಿನಲ್ಲಿ ಇಸ್ಪೀಟು, ಒಬ್ಬರು ಓದಿ ಇನ್ನೊಬ್ಬರು ಕೇಳುವ ಪುಸ್ತಕ.

ದಾರಿಯಲ್ಲಿ ಬೆನೀಶಿಯ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿಯ ಕಾರ್ಕೀನಸ್ ಜಲಸಂಧಿಯನ್ನು ಹಾಯುವಾಗ ಲಂಡನ್ನನಿಗೆ ಹಳೆಯದೊಂದು ರಾತ್ರಿ ನೆನಪಾಗದಿರಲು ಸಾಧ್ಯವಿರಲಿಲ್ಲ. ಹದಿನೈದನೆಯ ವಯಸ್ಸಿಗೇ ಸಾಲದ ಹಣದಿಂದ ದೋಣಿ ಕೊಂಡು ಸಿಂಪಿ ಕದಿಯುವ ತಂಡ ಸೇರಿದ್ದ ಹುಡುಗ ಅವನು. ಅನಂತರ ಮೀನುಗಳ್ಳರನ್ನು ಹಿಡಿಯುವ ಗಸ್ತಿನವರ ಜೊತೆಗೂಡಿದವನು. ಆ ದಿನಗಳಲ್ಲೊಮ್ಮೆ ಕುಡಿದ ಅಮಲಿನಲ್ಲಿ ದೋಣಿಯಿಂದ ನೀರಿಗೆ ಬಿದ್ದ. ಇಳಿತದ ಸೆಳೆತ ಅವನನ್ನು ಒಯ್ಯಿತು. ಸತ್ತರೇ ಚೆನ್ನೆಂಬ ಹುಚ್ಚು ಹೊಕ್ಕು ಅವನು ಕೂಗಿಕೊಳ್ಳಲೂ ಇಲ್ಲ. ಬೆಳಗಿನ ಜಾವ ಅಮಲಿಳಿದಾಗ ಬದುಕಬೇಕೆಂಬ ಆಸೆ ಹುಟ್ಟಿತು, ಆದರೆ ತೋಳುಗಳಲ್ಲಿ ತ್ರಾಣವಿರಲಿಲ್ಲ. ಆ ದಾರಿಯಾಗಿ ಬಂದ ಗ್ರೀಕ್ ಬೆಸ್ತನೊಬ್ಬ ಅವನನ್ನು ಎತ್ತಿಕೊಂಡ. ಈ ಘಟನೆಯನ್ನು 1913ರ ‘ಜಾನ್ ಬಾರ್ಲಿಕಾರ್ನ್’ ಎಂಬ ಪುಸ್ತಕದಲ್ಲಿ ಅವನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಯಾವ ನೀರು ತನ್ನನ್ನು ಒಯ್ಯಲೆಂದು ಹುಡುಗ ಬಯಸಿದ್ದನೊ ಅದೇ ನೀರಿನ ಮೇಲೆ ಈಗ ಪತ್ನಿಯೊಡನೆ ಅವನು ಹಾಯಿ ಬಿಚ್ಚಿದ್ದ.

ಮನೆಗೆ ಹೋಗುವ ಹೊಳೆ

‘ರೋಮರ್’ ದೋಣಿಯಲ್ಲೇ ಕುಳಿತು ಸಣ್ಣ ದೋಣಿಗಳ ನೌಕಾಯಾನವನ್ನು ಕುರಿತು ಲಂಡನ್ ಪ್ರಬಂಧವೊಂದನ್ನು ಬರೆದ. ಅದರ ಕೊನೆಯಲ್ಲಿರುವ ಸ್ಥಳ ಸೊನೋಮ ಹೊಳೆ, ತಾರೀಖು 1911ರ ಏಪ್ರಿಲ್ 15. ಆ ಹೊಳೆಗೆ ಒಂದು ವಿಶೇಷವುಂಟು. ಲಂಡನ್ ದಂಪತಿಗಳ ತೋಟವಿದ್ದ ಗ್ಲೆನ್ ಎಲೆನ್ ಊರನ್ನು ಹಾಯ್ದು ಬಂದೇ ಅದು ಕೊಲ್ಲಿಯನ್ನು ಸೇರುತ್ತದೆ. ಮನೆ ಬಿಟ್ಟು ಬಂದವರ ದೋಣಿಯ ಕೆಳಗೆ ಮನೆಯ ಕಡೆಯ ನೀರೇ ಹರಿಯುತ್ತಿತ್ತು.

ಆ ತೋಟದಲ್ಲಿ ಕಲ್ಲು ಮತ್ತು ಮರದಿಂದ ಭವ್ಯವಾದ ಮನೆಯೊಂದನ್ನು ಅವರು ಕಟ್ಟಿಸುತ್ತಿದ್ದರು. 1913ರ ಆಗಸ್ಟ್ 22ರ ರಾತ್ರಿ, ಗೃಹಪ್ರವೇಶಕ್ಕೆ ಮುಂಚೆಯೇ, ಅದು ಬೆಂಕಿಗೆ ಆಹುತಿಯಾಯಿತು. ಅದರ ಹಿಂದಿನ ವರ್ಷ ಇನ್ನೊಂದು ಗರ್ಭವೂ ನಿಲ್ಲದೆ ಹೋಗಿತ್ತು. ಲೋಕವನ್ನು ಸುತ್ತಬೇಕಾಗಿದ್ದ ಹಡಗು, ತೊಟ್ಟಿಲಿನ ಮಗು, ಕಲ್ಲಿನ ಮನೆ, ಒಂದೂ ಉಳಿಯಲಿಲ್ಲ. 1916ರ ನವೆಂಬರ್ 22ರಂದು, ನಲವತ್ತನೆಯ ವಯಸ್ಸಿನಲ್ಲಿ, ಲಂಡನ್ನನೂ ಹೊರಟುಹೋದ. ಶಾರ್ಮಿಯನ್ 1955ರವರೆಗೆ ಬದುಕಿದ್ದು, ಗಂಡನ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದಳು. ತೋಟ ಇಂದು ಸಾರ್ವಜನಿಕ ಉದ್ಯಾನ. ಸುಟ್ಟ ಮನೆಯ ಕಲ್ಲುಗೋಡೆಗಳು ಅಲ್ಲಿ ಇನ್ನೂ ನಿಂತಿವೆ.

ಏಳು ವರ್ಷಗಳಿಗೆಂದು ಹೂಡಿದ ಯಾತ್ರೆ ಮುರಿಯಿತು. ತಲೆಮಾರುಗಳಿಗೆಂದು ಕಟ್ಟಿದ ಮನೆ ಉರಿಯಿತು. ದಕ್ಕಿದ್ದು, ನಾಳೆಯ ಉಬ್ಬರ ಎಷ್ಟು ಹೊತ್ತಿಗೆಂಬುದಕ್ಕಿಂತ ದೂರದ ಲೆಕ್ಕವನ್ನು ಹಾಕದೆ ಆ 30 ಅಡಿಯ ದೋಣಿಯಲ್ಲಿ ಇಬ್ಬರೂ ಕಳೆದ ವಾರಗಳು ಮಾತ್ರ.