ಮೊಲದ ಮಿದುಳುಬಳ್ಳಿ ಕೊಟ್ಟ ಮದ್ದು

ಅರಸೀಕೆರೆ ಸುತ್ತಿನ ಕುರುಚಲು ಗುಡ್ಡಗಳಲ್ಲಿ ಸಂಜೆ ಹೊತ್ತು ಓಡಾಡಿದವರಿಗೆ ಕಾಡುಮೊಲ ಹೊಸದಲ್ಲ. ಪೊದೆಯ ಬುಡದಲ್ಲಿ ಕಲ್ಲಿನಂತೆ ಕುಳಿತಿರುತ್ತದೆ. ಹತ್ತಿರ ಹೋಗುವಷ್ಟರಲ್ಲಿ ಚಂಗನೆ ನೆಗೆದು ಅಡ್ಡಾದಿಡ್ಡಿ ಓಡಿ ಮಾಯವಾಗುತ್ತದೆ. ಕಿವಿಗೆ ಬಿದ್ದ ಸಪ್ಪಳ ಮಿದುಳು ಮುಟ್ಟಿ, ಅಲ್ಲಿಂದ ಹಿಂಗಾಲಿನ ಸ್ನಾಯುಗಳಿಗೆ ಅಪ್ಪಣೆ ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ನರಗಳ ಕೆಲಸವೇ ಅಂಥದ್ದು.

ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಸ್ತನಿಗಳ ಮಾದರಿಯಾಗಿ ಬಹುಕಾಲ ನಿಂತದ್ದು ಸಾಕುಮೊಲ. ಅದು ಕಾಡುಮೊಲದ ನೆಂಟನಾದರೂ ಬೇರೆ ಜಾತಿ. ಅದರ ಮಿದುಳಿನ ತೂಕ ಸುಮಾರು 10 ಗ್ರಾಂ, ನಮ್ಮದು 1,300 ಗ್ರಾಂಗೂ ಹೆಚ್ಚು. ಮಹಾಮಸ್ತಿಷ್ಕ ನಮ್ಮದರಂತೆ ಸುಕ್ಕುಗಟ್ಟಿಲ್ಲ, ಬಹುಮಟ್ಟಿಗೆ ನುಣುಪು. ವಾಸನೆಗೆ ಮೀಸಲಾದ ಹಾಲೆಗಳು ಮಾತ್ರ ದೊಡ್ಡವು. ಮಿದುಳಿನಿಂದ ಹೊರಡುವ ಕಪಾಲ ನರಗಳು ನಮ್ಮಂತೆಯೇ 12 ಜೋಡಿ. ಮಿದುಳುಬಳ್ಳಿಯಿಂದ ಹೊರಡುವವು 37 ಜೋಡಿ, ನಮಗೆ 31. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಬೆನ್ನುಹುರಿ ಎಂದೂ ಕರೆಯುವ ಈ ಮಿದುಳುಬಳ್ಳಿಗೆ ಇನ್ನೊಂದು ಕಥೆಯುಂಟು. ನಾಯಿ ಕಡಿತಕ್ಕೆ ಮೊದಲ ಲಸಿಕೆ ತಯಾರಾದದ್ದು ಇದರಿಂದಲೇ.

ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ರೇಬೀಸ್ ರೋಗಾಣುವನ್ನು ಕಣ್ಣಾರೆ ಕಂಡವರಲ್ಲ. ವೈರಸ್ಸನ್ನು ತೋರಿಸಬಲ್ಲ ಸೂಕ್ಷ್ಮದರ್ಶಕ ಆಗ ಇರಲಿಲ್ಲ. ಆದರೆ ಹುಚ್ಚುನಾಯಿಯ ರೋಗ ಮಿದುಳು, ಮಿದುಳುಬಳ್ಳಿಗಳಲ್ಲಿ ಮನೆಮಾಡುತ್ತದೆ ಎಂಬುದು ಅವರಿಗೂ ಅವರ ಸಹಾಯಕ ಎಮಿಲ್ ರೂ ಅವರಿಗೂ ಖಚಿತವಾಗಿತ್ತು. ಗಾಜಿನ ಪಾತ್ರೆಯಲ್ಲಿ ಬೆಳೆಯದ ರೋಗಾಣುವನ್ನು ಅವರು ಮೊಲದಿಂದ ಮೊಲಕ್ಕೆ ದಾಟಿಸುತ್ತ ಹೋದರು. ಕೊನೆಗೆ ಎಲ್ಲ ಮೊಲಗಳಿಗೂ ಸುಮಾರು ಏಳನೆಯ ದಿನಕ್ಕೆ ರೋಗ ಕಾಣಿಸಿಕೊಳ್ಳತೊಡಗಿತು. ಸತ್ತ ಮೊಲದ ಮಿದುಳುಬಳ್ಳಿಯ ತುಂಡನ್ನು ಒಣಗಾಳಿಯ ಸೀಸೆಯಲ್ಲಿ ತೂಗುಹಾಕಿದರೆ ದಿನ ಕಳೆದಂತೆ ಅದರ ತೀಕ್ಷ್ಣತೆ ಇಳಿಯುತ್ತಿತ್ತು. ಎರಡು ವಾರಕ್ಕೆ ಇಲ್ಲವೆನ್ನುವಷ್ಟಾಗುತ್ತಿತ್ತು. 1885ರ ಜುಲೈ 6ರಂದು, ನಾಯಿ ಹಲವು ಕಡೆ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಹೀಗೆ ಚೆನ್ನಾಗಿ ಒಣಗಿದ ಬಳ್ಳಿಯನ್ನು ಅರೆದು ಚುಚ್ಚಿದರು. ಮುಂದಿನ ದಿನಗಳಲ್ಲಿ ಕ್ರಮವಾಗಿ ಕಡಿಮೆ ಒಣಗಿದ್ದು; ಒಟ್ಟು 13 ಚುಚ್ಚುಮದ್ದು. ಹುಡುಗ ಬದುಕಿದ. ಎಷ್ಟು ಮೊಲಗಳು ಸತ್ತವು ಎಂಬ ಲೆಕ್ಕವನ್ನು ಯಾರೂ ನೆನೆಯುವುದಿಲ್ಲ.

ಕಚ್ಚಿದ ಮೇಲೆ ಲಸಿಕೆ ಹಾಕಿದರೆ ಏನು ಫಲ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಉತ್ತರ ನರದಲ್ಲೇ ಇದೆ. ನರದಲ್ಲಿ ಸುದ್ದಿ ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ. ವೈರಸ್ ಹಾಗಲ್ಲ. ಗಾಯದ ಜಾಗದಲ್ಲಿ ನರತಂತುವಿನ ಒಳಹೊಕ್ಕು ಮಿದುಳಿನ ಕಡೆಗೆ ದಿನಕ್ಕೆ ಕೆಲವೇ ಸೆಂಟಿಮೀಟರ್ ತೆವಳುತ್ತದೆ. ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಮುಖ, ಕತ್ತಿಗೆ ಕಚ್ಚಿದರೆ ದಾರಿ ಹತ್ತಿರ, ಗಡುವೂ ಕಡಿಮೆ. ಈ ಬಿಡುವಿನಲ್ಲಿ ಲಸಿಕೆ ದೇಹದ ಪಡೆಯನ್ನು ಎಬ್ಬಿಸುತ್ತದೆ. ವೈರಸ್ ಮಿದುಳು ಸೇರಿ, ನೀರು ಕಂಡರೆ ಬೆಚ್ಚುವ ಸ್ಥಿತಿ ಬಂತೋ, ಆಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ನಮ್ಮ ದೇಶದಲ್ಲಿ 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಕುರಿಯ ಮಿದುಳಿನಿಂದ ಲಸಿಕೆ ತಯಾರಿಸಿದರು. ದಕ್ಷಿಣದಲ್ಲಿ 1907ರಲ್ಲೇ ಆರಂಭವಾಗಿದ್ದ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಅಂಥ ಲಸಿಕೆ ತಯಾರಾಗುತ್ತಿತ್ತು. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹಳ್ಳಿಗಳಲ್ಲಿ ಇಂದಿಗೂ ಹೆದರಿಸುವುದು ಈ ಲಸಿಕೆಯ ನೆನಪಿನಿಂದ. ಅದರಲ್ಲಿದ್ದ ನರದ ಅಂಶವೇ ಕೆಲವರಿಗೆ ಒಗ್ಗದೆ ಲಕ್ವ ಹೊಡೆದದ್ದೂ ಉಂಟು. 2004ರ ಕೊನೆಗೆ ಭಾರತದಲ್ಲಿ ಅದರ ಬಳಕೆ ನಿಂತಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಚುಚ್ಚುವುದು ತೋಳಿಗೆ, ಅದೂ ನಾಲ್ಕೈದು ಸರದಿ ಮಾತ್ರ. ಗಾಯ ಆಳವಾಗಿದ್ದರೆ ಸಿದ್ಧ ಪ್ರತಿಕಾಯಗಳ ಇನ್ನೊಂದು ಮದ್ದನ್ನು ಗಾಯದ ಸುತ್ತ ಕೊಡುತ್ತಾರೆ.

ಬೇಲೂರು, ಹಳೇಬೀಡಿಗೆ ಪ್ರವಾಸ ಬರುವ ಶಾಲಾ ಮಕ್ಕಳು ದೇವಸ್ಥಾನದ ಬೀದಿಯಲ್ಲಿ ಮಲಗಿದ ನಾಯಿಗೆ ಬಿಸ್ಕತ್ತು ಹಾಕುತ್ತಾರೆ, ಬಾಲ ಎಳೆಯುತ್ತಾರೆ. ಸಣ್ಣದಾಗಿ ಹಲ್ಲು ತಾಗಿದರೆ ಬೈಗುಳಕ್ಕೆ ಹೆದರಿ ಮನೆಯಲ್ಲಿ ಹೇಳುವುದಿಲ್ಲ. ತಂದೆತಾಯಿಯರು ಮೊದಲು ಬೈಯದೆ ಕೇಳಿಸಿಕೊಳ್ಳಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದರೆ ನರದ ಬಾಗಿಲಲ್ಲೇ ಬಹಳಷ್ಟು ವೈರಸ್ ಕೊಚ್ಚಿಹೋಗುತ್ತದೆ. ಸುಣ್ಣ, ಮೆಣಸಿನಪುಡಿ ಮೆತ್ತಿ ಕಾಯುವುದು ವೈರಸ್ಸಿಗೆ ದಾರಿಖರ್ಚು ಕೊಟ್ಟಂತೆ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಹೇಳಿದ ದಿನಾಂಕಗಳನ್ನು ಒಂದೂ ತಪ್ಪಿಸಬಾರದು.

ಸಾಕಿದ ಮೊಲ ಕಚ್ಚಿದರೆ ಎಂದು ಮಕ್ಕಳು ಕೇಳುವುದುಂಟು. ಪ್ರಯೋಗಾಲಯದಲ್ಲಿ ಅಷ್ಟೊಂದು ಮೊಲಗಳಿಗೆ ಈ ರೋಗ ಹತ್ತಿಸಿದ್ದರೂ ಹೊರಗೆ ಮೊಲಕ್ಕೆ ಅದು ತಗಲುವುದು ಬಲು ಅಪರೂಪ; ಹುಚ್ಚುನಾಯಿ ಕಚ್ಚಿದ ಮೊಲ ಸಾಮಾನ್ಯವಾಗಿ ಬದುಕಿ ಉಳಿಯುವುದೇ ಇಲ್ಲ. ಆದರೂ ಗಾಯ ತೊಳೆದು ವೈದ್ಯರಿಗೆ ಒಮ್ಮೆ ತೋರಿಸಿ.